ಒಪ್ಪಿದರೂ ಒಪ್ಪು, ಒಪ್ಪದಿದ್ದರೂ ಒಪ್ಪು

ಮಲಯಾಳದಲ್ಲಿ ‘ಒಪ್ಪು’ ಎಂದರೆ ಸಹಿ, ಕನ್ನಡದಲ್ಲಿ ಸಮ್ಮತಿ. ವಿಜಯನಗರದ ಶಾಸನಗಳ ಕೊನೆಗೆ ಬರುವ ‘ಒಪ್ಪ’ವೂ ಸಹಿಯೇ ಆದ್ದರಿಂದ ಹಿಂದೆ ನಮ್ಮಲ್ಲೂ ಎರಡಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ ಅನ್ನಬಹುದು. ಉಳಿದಿದ್ದ ಚೂರುಪಾರನ್ನೂ ಅಳಿಸಿದ ಕೀರ್ತಿ ಕಾಸರಗೋಡಿನ ಸಾಲದ ಕೌಂಟರುಗಳದು. ಬದಿಯಡ್ಕವೋ ಉಪ್ಪಳವೋ, ಗಾಜಿನ ಆಚೆಯಿಂದ “ಚೇಚೀ, ಇವಿಡೆ ಒಪ್ಪಿಡೂ” ಎಂಬ ದನಿ ಬರುತ್ತದೆ. ಈಚೆ ನಿಂತ ಅಕ್ಕ ಗೋಣು ಹಾಕಿ ಹೆಸರು ಬರೆಯುತ್ತಾರೆ. ಒಂದೇ ಗೀಟಿನಲ್ಲಿ ಮಲಯಾಳದ ಒಪ್ಪೂ ಆಯಿತು, ಕನ್ನಡದ ಒಪ್ಪಿಗೆಯೂ ಆಯಿತು.

ಇಷ್ಟಕ್ಕೆಲ್ಲ ಕಾರಣ ರಿಸರ್ವ್ ಬ್ಯಾಂಕಿನ ಸದುದ್ದೇಶ. 2024ರ ಏಪ್ರಿಲ್ 15ರಂದು ಅದು ಒಂದು ಸುತ್ತೋಲೆ ಹೊರಡಿಸಿತು. ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿ ಚಿಲ್ಲರೆ ಸಾಲಕ್ಕೂ ಕೆಎಫ್‌ಎಸ್, ಅಂದರೆ ಮುಖ್ಯ ಮಾಹಿತಿ ಪತ್ರ ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕೊಟ್ಟರೆ ಸಾಲದು, ವಿವರಿಸಬೇಕು. ವಿವರಿಸಿದರೆ ಸಾಲದು, ಅರ್ಥವಾಗಿದೆ ಎಂದು ಅವನಿಂದ ಒಪ್ಪಿಸಿಕೊಳ್ಳಬೇಕು. ಈ ಮೂರರಲ್ಲಿ ಮೊದಲಿನ ಎರಡು ಸ್ವಲ್ಪ ಕಷ್ಟದ ಕೆಲಸ. ಮೂರನೆಯದಕ್ಕೆ ಪೆನ್ನು ಸಾಕು. ಯಾವುದರಿಂದ ಸುರು ಮಾಡುವುದೆಂದು ಕೌಂಟರಿಗೆ ಹೇಳಿಕೊಡಬೇಕಾಗಿಲ್ಲ.

ಪತ್ರದ ಕೊನೆಗೆ ಒಂದು ಸಾಲಿರುತ್ತದೆ: ಮೇಲಿನದೆಲ್ಲವನ್ನೂ ನನಗೆ ತಿಳಿಯುವ ಇಂಥ ಭಾಷೆಯಲ್ಲಿ ವಿವರಿಸಲಾಗಿದೆ. ‘ಇಂಥ’ ಇರಬೇಕಾದಲ್ಲಿ ಒಂದು ಖಾಲಿ ಗೆರೆ. ಸಪ್ತಭಾಷೆಗಳ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ನಮ್ಮ ಊರಿನ ಮಟ್ಟಿಗೆ ಆ ಗೆರೆ ಗಿಡ್ಡವಾಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನಿನ ಮಾರ್ಕೆಟಿನಲ್ಲಿ ಬ್ಯಾರಿ, ಪಕ್ಕದ ಮನೆಯವರೊಡನೆ ಕೊಂಕಣಿಯೋ ಮರಾಠಿಯೋ. ಇಷ್ಟೆಲ್ಲ ಬಲ್ಲ ಮನುಷ್ಯನ ಮುಂದೆ ಎಂಟನೆಯದೊಂದು ಭಾಷೆ ಬಂದು ಕೂರುತ್ತದೆ. ‘ಕಂಟಿಂಜೆಂಟ್ ಚಾರ್ಜಸ್’, ‘ರೀಸೆಟ್ ಪೀರಿಯಾಡಿಸಿಟಿ’, ‘ಲೆಂಡಿಂಗ್ ಸರ್ವಿಸ್ ಪ್ರೊವೈಡರ್’ ಎಂದೆಲ್ಲ ಮಾತಾಡುವ ಈ ಭಾಷೆಗೆ ತಾಯಿಭಾಷಿಕರು ಯಾರೂ ಇಲ್ಲ. ಪ್ರಿಂಟರ್ ಒಂದೇ ಅದನ್ನು ನಿರರ್ಗಳವಾಗಿ ಆಡುತ್ತದೆ.

“ಮನಸ್ಸಿಲಾಯೋ?” ಎಂದು, ಅಂದರೆ ಅರ್ಥವಾಯಿತೇ ಎಂದು, ಆಚೆಯಿಂದ ಪ್ರಶ್ನೆ. ಅಕ್ಕನಿಗೆ ಅದರಲ್ಲಿ ಕೇಳಿಸುವುದು ‘ಮನಸ್ಸು’. ಮನಸ್ಸಿಲ್ಲದೆ ಇಷ್ಟು ದೂರ ಬರುತ್ತಾರೆಯೇ? “ಆಯ್ತು ಸರ್” ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ ಬಯಸಿದ ಆರ್ಥಿಕ ಸಾಕ್ಷರತೆ ಅಲ್ಲಿಗೆ ಪೂರ್ತಿಯಾಯಿತು.

ಹಾಗೆಂದು ಆ ಪತ್ರ ಕೆಲಸಕ್ಕೆ ಬಾರದ ವಸ್ತುವೆಂದು ಯಾರೂ ತಿಳಿಯಬಾರದು. ಸಾಲದ ಇಡೀ ಕಟ್ಟಿನಲ್ಲಿ ಓದಲು ಯೋಗ್ಯವಾದ ಹಾಳೆ ಅದೊಂದೇ. ಅದಕ್ಕೇ ಇರಬೇಕು, ಅದನ್ನು ಕಟ್ಟಿನ ನಡುವೆ ಪಿನ್ ಹೊಡೆದು ಇಡುವುದು. ಒಂದು ಲೆಕ್ಕ ನೋಡಿ. 50,000 ರೂಪಾಯಿ ಸಾಲ, ‘ಬರೀ 12 ಶೇಕಡಾ ಫ್ಲಾಟ್’, 12 ಕಂತು. ಬಡ್ಡಿ 6,000, ಕಂತು 4,667. ಪ್ರೊಸೆಸಿಂಗ್ ಶುಲ್ಕ 1,000, ಅದಕ್ಕೆ ಜಿಎಸ್‌ಟಿ 180, ಯಾರೂ ಕೇಳದ ವಿಮೆಗೆ 820. ಕೈಗೆ ಬಂದದ್ದು 48,000. ತಿಂಗಳು ತಿಂಗಳು ಅಸಲು ಕರಗುತ್ತಿದ್ದರೂ ಬಡ್ಡಿ ಕೊನೆಯ ತನಕ ಪೂರ್ತಿ 50,000ದ ಮೇಲೆಯೇ. ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಬರುವ ವಾರ್ಷಿಕ ದರ 29 ಶೇಕಡಾದ ಮೇಲೆ. ಆ ದರದ ಹೆಸರು ಎಪಿಆರ್. ವಿಮೆಯಂತೆ ಬೇರೆಯವರ ಪರವಾಗಿ ವಸೂಲು ಮಾಡಿದ ಹಣವನ್ನೂ ಅದರೊಳಗೆ ಸೇರಿಸಲೇಬೇಕು. ಹಾಗಾಗಿ 12 ಎಂಬ ಅಂಕಿ ಹೊರಗೆ ಬೋರ್ಡಿನಲ್ಲಿ ಅಂಗೈ ಅಗಲ, 29 ಎಂಬುದು ಒಳಗೆ ಪತ್ರದಲ್ಲಿ ಎಳ್ಳುಕಾಳಿನಷ್ಟು. ಎರಡೂ ಸತ್ಯವೇ ಮಾರಾಯ್ರೇ, ಅಕ್ಷರದ ಗಾತ್ರ ಮಾತ್ರ ಬೇರೆ.

ಏಳು ದಿನ ಅಥವಾ ಅದಕ್ಕೂ ಹೆಚ್ಚು ಅವಧಿಯ ಸಾಲವಾದರೆ, ಪತ್ರ ಓದಿ ಯೋಚಿಸುವುದಕ್ಕೆ ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅಷ್ಟು ದಿನ ಸಾಲ ಕೊಡುವವರು ಅದರಲ್ಲಿನ ಮಾತಿಗೆ ಬದ್ಧರು. ಪತ್ರದಲ್ಲಿ ಹೇಳದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಸಮ್ಮತಿಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಒಳ್ಳೆಯ ನಿಯಮ. ಆದರೆ ಸಾಲ ಕೇಳಲು ಬಂದವರಿಗೆ ಮಗಳ ಕಾಲೇಜು ಫೀಸು ಕಟ್ಟಲು ನಾಳೆಯೇ ಕೊನೆಯ ದಿನ. ಪತ್ರ ಕೊಟ್ಟ ಹೊತ್ತು 11.42, ಅರ್ಥವಾದ ಹೊತ್ತೂ 11.42. ಇಷ್ಟು ಚುರುಕಾಗಿ ಅರ್ಥ ಮಾಡಿಕೊಳ್ಳುವ ಜನ ಹತ್ತನೇ ಕ್ಲಾಸಿನ ಗಣಿತದಲ್ಲಿ ಯಾಕೆ ಹಿಂದೆ ಬಿದ್ದರೋ.

ಬಂಗಾರ ಅಡವಿಟ್ಟರೆ ಭಾಷೆಯ ಪ್ರಶ್ನೆ ಇನ್ನೂ ಗಹನವಾಗುತ್ತದೆ. 2025ರ ಜೂನ್ 6ರ ಹೊಸ ನಿರ್ದೇಶನದಲ್ಲಿ, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿಗೆ ತರಬೇಕಾದದ್ದರಲ್ಲಿ, ಸಾಲಗಾರನೊಡನೆ ವ್ಯವಹಾರವೆಲ್ಲ ‘ಪ್ರದೇಶದ ಭಾಷೆಯಲ್ಲಿ ಅಥವಾ ಸಾಲಗಾರ ಆರಿಸಿದ ಭಾಷೆಯಲ್ಲಿ’ ಎಂದಿದೆ. ಕಾಸರಗೋಡು ಪ್ರದೇಶದ ಭಾಷೆ ಯಾವುದು? ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಪ್ರಶ್ನೆ. ಗಡಿ ತಕರಾರು ಬಗೆಹರಿಸಲೆಂದು ಮಹಾಜನ ಆಯೋಗ ಕೂತು, ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕನ್ನಡದ ಕಡೆಗೆ ಹೋಗಲಿ ಎಂದು 1967ರಲ್ಲಿ ಬರೆದುಕೊಟ್ಟರೂ ಅದು ಕಡತದಿಂದ ಎದ್ದು ಬರಲಿಲ್ಲ. ಆಯೋಗದ ಕೈಯಲ್ಲೂ ಬಗೆಹರಿಯದ ಈ ವಿಷಯವನ್ನು ರಿಸರ್ವ್ ಬ್ಯಾಂಕ್ ಈಗ ಹೋದ ತಿಂಗಳು ಕೋಟ್ಟಯದಿಂದ ವರ್ಗವಾಗಿ ಬಂದ ಹುಡುಗನ ಮೇಜಿನ ಮೇಲೆ ಇಟ್ಟಿದೆ. ಊಟದ ಗಂಟೆಯ ಒಳಗೆ ಅವನು ಇತ್ಯರ್ಥ ಮಾಡಬೇಕು. ಮಾಡುತ್ತಾನೆ ಕೂಡ. ಕಂಪ್ಯೂಟರಿನಲ್ಲಿ ಭಾಷೆಯ ಪಟ್ಟಿ ಇಳಿಬಿಟ್ಟರೆ ಮೊದಲು ಸಿಗುವುದು ಯಾವುದೋ ಅದೇ ಪ್ರದೇಶದ ಭಾಷೆ.

‘ಆರಿಸಿದ ಭಾಷೆ’ ಎಂಬ ಅರ್ಧವೂ ಇದೆಯಲ್ಲ? ಇದೆ. ಅರ್ಜಿಯಲ್ಲೇ ‘ನನ್ನ ಭಾಷೆ ಕನ್ನಡ, ಪತ್ರವ್ಯವಹಾರ ಕನ್ನಡದಲ್ಲಿ ಬೇಕು’ ಎಂದು ಕೈಯಾರೆ ಬರೆದು ಪ್ರತಿಗೆ ಸೀಲು ಹಾಕಿಸಿಕೊಂಡವರಿಗೆ ಹಕ್ಕು ಗಟ್ಟಿ. ಹಾಗೆ ಬರೆದವರಿಗೆ ಸಿಗುವ ಮೊದಲ ಉತ್ತರ: “ಸಿಸ್ಟಮಿಲ್ ಇಲ್ಲ.” ಮಲಯಾಳದಲ್ಲೂ ಕನ್ನಡದಲ್ಲೂ ಏಕಕಾಲಕ್ಕೆ ಅರ್ಥವಾಗುವ ವಾಕ್ಯ ಅದೊಂದೇ.

ತೂಕದ ಕಡೆಗೆ ಬನ್ನಿ. ಬಂಗಾರವನ್ನು ಸಾಲಗಾರನ ಎದುರಿನಲ್ಲೇ ಪರೀಕ್ಷಿಸಬೇಕು. ಒಟ್ಟು ತೂಕ, ನಿವ್ವಳ ತೂಕ, ಎಷ್ಟು ಕ್ಯಾರೆಟ್, ಕಲ್ಲು–ಅರಗು–ದಾರಕ್ಕೆ ಎಷ್ಟು ಕಳೆದದ್ದು, ಎಲ್ಲಿ ಮುರಿದಿದೆ ಎಂಬುದನ್ನೆಲ್ಲ ಬರೆದ ಪ್ರಮಾಣಪತ್ರದ ಒಂದು ಪ್ರತಿಯನ್ನು ಅವನಿಗೆ ಕೊಡಬೇಕು. ಮೂರು ಪವನಿನ, ಅಂದರೆ 24 ಗ್ರಾಮಿನ ಕರಿಮಣಿ ಸರ ಎಂದಿಟ್ಟುಕೊಳ್ಳಿ. ಮಣಿ, ದಾರ ಸೇರಿ 3.5 ಗ್ರಾಂ ಕಳೆದು ಉಳಿದದ್ದು 20.5. ಒರೆ ಹಚ್ಚಿದಾಗ ಅದು 20 ಕ್ಯಾರೆಟ್. 22 ಕ್ಯಾರೆಟಿನ ಲೆಕ್ಕಕ್ಕೆ ಇಳಿಸಿದರೆ 18.64 ಗ್ರಾಂ. ಮದುವೆಯಲ್ಲಿ ಮೂರು ಪವನು ಅಂತ ಹೇಳಿ ಕೊಟ್ಟದ್ದು ಎರಡೂಕಾಲು ಪವನಿನ ಹತ್ತಿರ ಎಂದು ತಿಳಿಯಲು 20 ವರ್ಷ ಮತ್ತು ಒಂದು ಅಡವು ಬೇಕಾಯಿತು. ಈ ಒಂದು ಸಂಗತಿ ಮಾತ್ರ ಯಾವ ಭಾಷೆಯಲ್ಲಿ ಬರೆದರೂ ಎಲ್ಲರಿಗೂ ಅರ್ಥವಾಗುತ್ತದೆ.

ಎರಡೂವರೆ ಲಕ್ಷದ ತನಕದ ಸಾಲಕ್ಕೆ ಬೆಲೆಯ 85 ಶೇಕಡಾ ಸಿಗುತ್ತದೆ ಎಂದು ಪೇಪರಿನಲ್ಲಿ ಓದಿ ಬಂದವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ಮನೆಖರ್ಚಿಗೆ ತೆಗೆದು ವರ್ಷದ ಕೊನೆಗೆ ಅಸಲು–ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಆ 85ರೊಳಗೆ ಬಡ್ಡಿಯೂ ಸೇರಿರಬೇಕು. ಎರಡು ಲಕ್ಷ ಬೆಲೆಯ ಬಂಗಾರಕ್ಕೆ ಮಿತಿ 1,70,000. ಬಡ್ಡಿ 10 ಶೇಕಡಾ ಎಂದಾದರೆ ಕೈಗೆ ಬರುವುದು ಹೆಚ್ಚೆಂದರೆ 1,54,545. ಇದನ್ನು ಸರಿಯಾಗಿ ವಿವರಿಸಲು ಐದು ನಿಮಿಷ ಸಾಕು. ಟೋಕನ್ ನಂಬ್ರ 63ರವರು ಹಿಂದಿನಿಂದ ಕೆಮ್ಮುತ್ತಿರುವಾಗ ಆ ಐದು ನಿಮಿಷ ಯಾರ ಹತ್ತಿರ ಉಂಟು?

ಸಾಲ ತೀರಿಸಿದ ಮೇಲೆ ಬಂಗಾರ ಅದೇ ದಿನ, ತಪ್ಪಿದರೆ ಏಳು ಕೆಲಸದ ದಿನದೊಳಗೆ ಮರಳಿಸಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರಗಳ ರಾಶಿಯಲ್ಲಿ ಸಾಲಗಾರನಿಗೆ ಹಣ ಬರುವ ಸಾಲು ಇದೊಂದು. ಇದನ್ನು ಯಾರೂ ಬಾಯಿ ಬಿಟ್ಟು ಓದಿ ಹೇಳುವುದಿಲ್ಲ, ಗಂಟಲಿಗೆ ತೊಂದರೆಯಾದೀತು.

ಈ ನಿಯಮಗಳು ‘ಬ್ಯಾಂಕ್’ ಎಂದು ಬೋರ್ಡು ಇರುವಲ್ಲೆಲ್ಲ ನಡೆಯುತ್ತವೆ ಎಂಬುದೂ ಭ್ರಮೆ. ಊರೂರಿನ ಸರ್ವಿಸ್ ಸಹಕಾರಿ ಬ್ಯಾಂಕುಗಳಲ್ಲಿ ಬಹುಪಾಲು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ರಿಸರ್ವ್ ಬ್ಯಾಂಕಿನ ಲೈಸೆನ್ಸೂ ಇಲ್ಲ, ಐದು ಲಕ್ಷದ ಠೇವಣಿ ವಿಮೆಯೂ ಇಲ್ಲ. ಅಲ್ಲಿ ಕನ್ನಡ ಸಿಗುತ್ತದೆ, ಕೆಎಫ್‌ಎಸ್ ಸಿಗುವುದಿಲ್ಲ. ಇನ್ನು ಸಾಲ ವಸೂಲಿಯ ಕಿರುಕುಳಕ್ಕೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಎಂದು ಕರ್ನಾಟಕ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ ಇತ್ತಲ್ಲ, ಅದು ತಲಪಾಡಿಯ ಗಡಿಯಲ್ಲಿ ಬಸ್ಸಿನಿಂದ ಇಳಿದುಬಿಟ್ಟಿತು. ಈಚೆ ಬಂದದ್ದು ಕನ್ನಡ ಪೇಪರಿನಲ್ಲಿ ಅದರ ಸುದ್ದಿ ಮಾತ್ರ.

ಅರ್ಥವಾಗಿಲ್ಲ ಎಂದು ಈಗ ದೂರು ಕೊಡುವುದಾದರೆ ಮೊದಲು ಸಾಲ ಕೊಟ್ಟವರಿಗೇ ಬರೆಯಬೇಕು. 30 ದಿನ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಸಾಲ ತೆಗೆಯುವಾಗ ಸಿಸ್ಟಮಿನಲ್ಲಿ ಇಲ್ಲದ ಕನ್ನಡ ದೂರು ಕೊಡುವಾಗ ಫೋನಿನಲ್ಲಿ ಸಿಗುತ್ತದೆ. ಆದರೆ ಅದಕ್ಕೂ ಮೊದಲೇ ಸಾಲ ಕೊಟ್ಟವರ ಉತ್ತರ ಬಂದಿರುತ್ತದೆ, ಇಂಗ್ಲಿಷಿನಲ್ಲಿ: ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ತಾವೇ ಒಪ್ಪಿದ್ದೀರಿ, ಪ್ರತಿ ಲಗತ್ತಿಸಿದೆ. ಲಗತ್ತಿಸಿದ್ದು ಆ ಖಾಲಿ ಗೆರೆಯ ಹಾಳೆ. ಗೆರೆ ಈಗ ಖಾಲಿ ಇಲ್ಲ. ಬೇರೆ ಶಾಯಿಯಲ್ಲಿ ‘ಮಲಯಾಳಂ’ ಎಂದಿದೆ, ಅದರ ಅಡಿಯಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಅಕ್ಕನ ಸಹಿ.

ಇಷ್ಟರ ನಡುವೆ ಎರಡು ಕಂತು ತಪ್ಪುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಬಾರದೆಂಬ ನಿಯಮ ಇರುವುದರಿಂದ ಫೋನು ಸರಿಯಾಗಿ 6.55ಕ್ಕೆ ಬರುತ್ತದೆ. “ಅಕ್ಕೇ, ಚಾ ಆಂಡಾ?” ಅಚ್ಚ ತುಳು. ಬಡ್ಡಿ ಎಷ್ಟು, ದಂಡಬಡ್ಡಿ ಹೋಗಿ ದಂಡಶುಲ್ಕ ಆದದ್ದು ಯಾವಾಗ, ಆ ಶುಲ್ಕದ ಮೇಲೆ ಬಡ್ಡಿ ಇಲ್ಲವಾದರೂ ಶುಲ್ಕ ಬಿಡುವುದಿಲ್ಲ ಯಾಕೆ, ಈ ತಿಂಗಳು ಎಷ್ಟು ಕಿಲೋ ಅಡಿಕೆ ಕೊಟ್ಟರೆ ಎರಡು ಕಂತು ತೀರುತ್ತದೆ ಎಂಬುದನ್ನೆಲ್ಲ ಆ ಹುಡುಗ ಬಿಡಿಸಿ ಬಿಡಿಸಿ ಹೇಳುತ್ತಾನೆ. ತುಳುವಿನಲ್ಲಿ ತಡೆದರೆ ಕನ್ನಡಕ್ಕೆ ಹೊರಳುತ್ತಾನೆ, ಭಾವ ಫೋನು ತೆಗೆದುಕೊಂಡರೆ ಮಲಯಾಳಕ್ಕೆ. ಕೊನೆಗೆ ಕೇಳುತ್ತಾನೆ, “ಅರ್ಥ ಆಂಡತ್ತೆ?”

“ಆಂಡ್” ಎನ್ನುತ್ತಾರೆ ಅಕ್ಕ. ಈ ಸಲ ನಿಜವಾಗಿಯೂ ಆಗಿದೆ. ಒಪ್ಪು ಹಾಕಲು ಮಾತ್ರ ಯಾರೂ ಹೇಳುವುದಿಲ್ಲ.