ಕಾಯಿ ಮರೆಯ ಸಿಗಡಿ

ದಾವಣಗೆರೆಯಲ್ಲಿ ಉಪ್ಪಿನಕಾಯಿ ಹಾಕುತ್ತೇನೆಂದು ಯಾರ ಹತ್ತಿರವೂ ಬಾಯಿ ಬಿಡಬಾರದು. ಬೆಣ್ಣೆ ದೋಸೆ ಯಾವ ಹೋಟೆಲಿನದು ಚೆನ್ನ ಅನ್ನುವ ಜಗಳದಲ್ಲಾದರೂ ಊರು ನಾಲ್ಕೈದು ಪಕ್ಷವಾಗಿ ನಿಲ್ಲುತ್ತದೆ. ಉಪ್ಪಿನಕಾಯಿಯಲ್ಲಿ ಮನೆಗೊಂದು ಪಕ್ಷ. ಉಪ್ಪು ಹುರಿಯಲೇಬೇಕು ಅನ್ನುವವರು, ಹುರಿದರೆ ಕೆಟ್ಟಿತು ಅನ್ನುವವರು, ಜಾಡಿಯ ಬಾಯಿಗೆ ಬಿಳಿ ಬಟ್ಟೆಯನ್ನೇ ಕಟ್ಟಬೇಕು ಅನ್ನುವವರು. ಇಂಥ ಪಂಡಿತರ ಊರಲ್ಲಿ ನಾವು ಹಾಕಲು ಹೊರಟಿದ್ದು ಸಿಗಡಿ ಉಪ್ಪಿನಕಾಯಿ.

ಇದಕ್ಕೆಲ್ಲ ಮೂಲ ನಮ್ಮ ನಾದಿನಿ. ಕುರಿ, ಕೋಳಿ, ಬಹಳವೆಂದರೆ ಸೂಳೆಕೆರೆಯ ಮೀನು, ಇಷ್ಟಕ್ಕೇ ತೃಪ್ತವಾಗಿದ್ದ ಮನೆ ನಮ್ಮದು. ಉಡುಪಿ ಕಡೆ ಸೊಸೆಯಾಗಿ ಹೋದ ಅವಳು ತವರಿಗೆ ಬಂದಾಗಲೆಲ್ಲ ಒಂದು ಬಾಟಲಿ ಸಿಗಡಿ ಉಪ್ಪಿನಕಾಯಿ ತಂದು ರುಚಿ ಹತ್ತಿಸಿದಳು. ಈ ಬೇಸಿಗೆಯಲ್ಲಿ ಅವಳಿಗೆ ಬರಲಾಗಲಿಲ್ಲ. ಅವಳು ಬಾರದ ಬೇಸರಕ್ಕಿಂತ ಬಾಟಲಿ ಬಾರದ ಬೇಸರವೇ ಮನೆಯಲ್ಲಿ ಜಾಸ್ತಿ ಇತ್ತು ಅಂತ ನನಗನ್ನಿಸಿತು, ಯಾರೂ ಒಪ್ಪಲಿಲ್ಲ.

"ಮಾಡೋದಾದ್ರೆ ಈಗ್ಲೇ ಮಾಡಿ ಅತ್ತಿಗೆ" ಅಂದಳು ಫೋನಿನಲ್ಲಿ. "ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮರಿ ಮಾಡೋ ಕಾಲ. ಸಾಕಿದ ಸಿಗಡಿ ಎಲ್ಲಾ ಕಾಲಕ್ಕೂ ಸಿಗ್ತದೆ, ಆದ್ರೆ ಅದರಲ್ಲಿ ಮಾಡಿ ನನ್ನ ಹೆಸರು ಹೇಳ್ಬೇಡಿ ಮಾರಾಯ್ತಿ." ಆಗಲೇ ಮೇ ಅರ್ಧ ಕಳೆದಿತ್ತು. ಮರುದಿನವೇ ನಮ್ಮ ಯಜಮಾನರು, ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬಂದ ಎರಡು ಕೆಜಿ ಸಿಗಡಿ ತಂದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಟ್ಟಿಲು ಹತ್ತುವ ಮೊದಲು ಕೆಳಗಿನ ಮನೆಗೆ ಹೋಗಿ, "ಅಕ್ಕಾರೇ, ಉಪ್ಪಿನಕಾಯಿ ಹಾಕ್ತಿದೀವಿ, ನಿಮ್ಮದೊಂದು ಜಾಡಿ ಕೊಡ್ತೀರಾ?" ಅಂತ ಕೇಳಿ, ಐದು ಕೆಜಿ ಹಿಡಿಯುವ ಪಿಂಗಾಣಿ ಜಾಡಿಯನ್ನು ಎತ್ತಿಕೊಂಡೇ ಬಂದರು.

ಕೆಳಗಿನ ಮನೆ ಅಕ್ಕಾರು ನಮ್ಮ ಮನೆ ಮಾಲೀಕರು. ಈರುಳ್ಳಿಯನ್ನೂ ಸೋಮವಾರ ಮುಟ್ಟದವರು. ಬಾಡಿಗೆಗೆ ಬರುವಾಗಲೇ "ಮಾಂಸ ಮಾಡ್ತೀರೇನ್ರಿ?" ಅಂತ ಕೇಳಿದ್ದರು. "ಅಪರೂಪಕ್ಕೆ" ಅಂದಿದ್ದೆವು. ಆ ಅಪರೂಪ ಪ್ರತಿ ಭಾನುವಾರ ಬರುತ್ತದೆ ಅನ್ನುವುದು ಅವರಿಗೂ ಗೊತ್ತು, ಅವರಿಗೆ ಗೊತ್ತಿರುವುದು ನಮಗೂ ಗೊತ್ತು. ಆದರೆ ಅವರ ಅತ್ತೆಯ ಕಾಲದ ಜಾಡಿಗೆ ಸಿಗಡಿ ತುಂಬುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ವಾಪಸ್ ಕೊಡೋಣವೆಂದರೆ ಯಾಕೆ ಅನ್ನುತ್ತಾರೆ. ಜಾಡಿಯನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟು, ಅತ್ತ ನೋಡದೆ ಸಿಗಡಿ ಬಿಡಿಸಲು ಕೂತೆವು.

ಸಿಗಡಿಯ ಬೆನ್ನಿನುದ್ದಕ್ಕೂ ಒಂದು ಕರಿ ಎಳೆ ಇರುತ್ತದೆ. ಅದರ ಕರುಳು. ತೆಗೆಯದಿದ್ದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಈ ಕೆಲಸಕ್ಕೆ ಹೇಳಿ ಮಾಡಿಸಿದವರು ನಮ್ಮ ಮಾವ. ಹತ್ತಿ ಗಿರಣಿಯಲ್ಲಿ ನೂಲು ನೋಡಿ ನೋಡಿ ಪಳಗಿದ ಕಣ್ಣು. ಕನ್ನಡಕ ಏರಿಸಿ, ಸೂಜಿಯ ತುದಿಯಲ್ಲಿ ಎಳೆ ಹಿಡಿದು, ತುಂಡಾಗದಂತೆ ಪೂರ್ತಿ ಎಳೆದು, "ಇದು ಎಂಬತ್ತನೇ ನಂಬರಿನ ನೂಲು ನೋಡು" ಅಂದರು. ಗಿರಣಿ ಮುಚ್ಚಿದ ಮೇಲೆ ಅವರು ಇಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಿನಿಂದ ಅಕ್ಕಾರ ದನಿ. "ಕಾಯಿ ಹೆಚ್ಚಿದ್ರೇನ್ರಿ?"

"ಬಿಡಿಸ್ತಾ ಇದೀವಿ ಅಕ್ಕಾರೇ."

"ಒಳಗಿನ ಗೊರಟೆ ಸಿಪ್ಪೆ ಪೂರಾ ತೆಗೀರಿ, ಇಲ್ಲಾಂದ್ರ ಕಹಿ ಬರ್ತೈತಿ. ನೀರಿನ ಪಸೆ ಇರಬಾರದು ನೋಡ್ರಿ."

"ಇಲ್ಲ ಅಕ್ಕಾರೇ, ಹುರೀತೀವಿ."

"ಹುರಿಯೋದಾ? ಎಲ್ಲಿ ಕಾಯ್ರಿ ಅದು?"

ನಾನು ಉತ್ತರ ಹುಡುಕುವ ಮೊದಲೇ ನನ್ನ ಮಗ ಬಾಗಿಲಲ್ಲಿ ನಿಂತು "ಸಮುದ್ರದ್ದು ಆಂಟಿ" ಅಂದ. ಮಕ್ಕಳಿಗೆ ನಿಜ ಹೇಳುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ, ಯಾವಾಗ ಅನ್ನುವುದನ್ನು ಕಲಿಸುವುದಿಲ್ಲ. ಪುಣ್ಯಕ್ಕೆ ಅಕ್ಕಾರು "ಕಲ್ಲುಪ್ಪು ಹಾಕ್ತೀರಾ? ಒಳ್ಳೇದು, ಪುಡಿ ಉಪ್ಪು ಹಾಕಬ್ಯಾಡ್ರಿ" ಅಂತ ಇಳಿದು ಹೋದರು.

ಅರಿಶಿನ, ಉಪ್ಪು, ಬ್ಯಾಡಗಿ ಮೆಣಸಿನಪುಡಿ ಸವರಿದ ಸಿಗಡಿ ಎಣ್ಣೆಗೆ ಬಿದ್ದ ಕೂಡಲೇ ಬೂದು ಬಣ್ಣ ಹೋಗಿ ಕೇಸರಿಯಾಯಿತು. ಮೆಣಸಿನಪುಡಿಗಿಂತ ಇದು ಬೇರೆಯೇ ಕೆಂಪು ಅಂತ ಅತ್ತೆ ಕಣ್ಣು ಕಿರಿದು ಮಾಡಿದರು. "ಅಂಗಡಿಯವ್ನು ಬಣ್ಣ ಹಾಕ್ಯಾನ." ಬಣ್ಣ ಅದರೊಳಗೇ ಇರುತ್ತದೆ, ಹಸಿಯಾಗಿದ್ದಾಗ ಒಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ, ಬಿಸಿ ತಾಗಿದರೆ ಬಿಟ್ಟುಕೊಡುತ್ತದೆ ಅಂತ ವಿವರಿಸಿದೆ. "ಹಂಗಾರೆ ನೀನೂ ಅಂಗಡಿಯವನ ಕಡೇನೇ" ಅಂದರು.

ನಿಜವಾದ ಯುದ್ಧ ನಡೆದದ್ದು ವಿನೆಗರ್ ಮೇಲೆ. ಶುಂಠಿ, ಬೆಳ್ಳುಳ್ಳಿ, ಕರಿಬೇವು, ಸಾಸಿವೆ, ಹುರಿದ ಮೆಂತ್ಯದ ಪುಡಿವರೆಗೆ ಅತ್ತೆ ತಲೆಯಾಡಿಸಿದರು. ವಿನೆಗರ್ ಬಾಟಲಿ ತೆಗೆದದ್ದೇ, "ಗೋಬಿ ಗಾಡಿಯವ್ರು ಹಾಕೋದನ್ನ ಉಪ್ಪಿನಕಾಯಿಗೆ ಹಾಕ್ತಾರೇನು? ಮೇಲೆ ಎಣ್ಣೆ ನಿಲ್ಲಂಗೆ ಹಾಕು, ವರ್ಷ ಬಾಳ್ತೈತಿ" ಅಂದರು. ಮಾವಿನಕಾಯಿಗೆ ಆ ಮಾತು ಸರಿ, ಅದು ಹುಟ್ಟಾ ಹುಳಿ. ಸಿಗಡಿಗೆ ಹುಳಿಯೇ ಇಲ್ಲ. ಎಣ್ಣೆಯಡಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದ ಕಡೆಯೇ ಬೆಳೆದು ವಿಷ ಕಾರುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಒಂದಿದೆ. ಅದು ಹೆದರುವುದು ಹುಳಿಗೆ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅನ್ನುವ ಅಳತೆ 4.6ಕ್ಕಿಂತ ಕೆಳಗೆ ಹೋದರೆ ಅದಕ್ಕೆ ಬೆಳೆಯಲಾಗುವುದಿಲ್ಲ. ನಾದಿನಿಯನ್ನು ಸ್ಪೀಕರಿನಲ್ಲಿ ಹಾಕಿದೆ. ಹುಳಿ ಬೇಕೇ ಬೇಕು, ಆಮೇಲೂ ಫ್ರಿಜ್‌ನಲ್ಲೇ ಇಡಬೇಕು, ಒಣ ಚಮಚವನ್ನೇ ಹಾಕಬೇಕು ಅಂದಳು. ಸೊಸೆ ಹೇಳಿದರೆ ಗೋಬಿ ಗಾಡಿ, ಮಗಳು ಹೇಳಿದರೆ ಶಾಸ್ತ್ರ. ಅತ್ತೆ ಸುಮ್ಮನಾದರು. ಆದರೂ ಮರುದಿನ ಬೆಳಿಗ್ಗೆ ಉಪ್ಪಿನಕಾಯಿಯ ಬಾಟಲಿ ಫ್ರಿಜ್‌ನಲ್ಲಿರಲಿಲ್ಲ. ಟೆರೇಸಿಗೆ ಓಡಿ ನೋಡಿದರೆ, ಮೇ ತಿಂಗಳ ಬಿಸಿಲಿಗೆ ಮೈಯೊಡ್ಡಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿತ್ತು. ಆಗಷ್ಟೇ ಇಟ್ಟಿದ್ದರು, ಬಾಟಲಿ ಇನ್ನೂ ತಣ್ಣಗಿತ್ತು. ಕಸದ ಗಾಡಿಗೆಂದು ಅಲ್ಲೇ ಮೂಲೆಯಲ್ಲಿ ಕಟ್ಟಿಟ್ಟಿದ್ದ ತಲೆ, ಚಿಪ್ಪಿನ ಚೀಲ ಹರಿದಿತ್ತು. ನಾಯಿಯೋ ಬೆಕ್ಕೋ ಅಂತ ಗುಡಿಸಿ ಬಂದೆ.

ಬಾಟಲಿ ಅಂದೆನಲ್ಲ, ಅದು ಕಾಫಿ ಪುಡಿಯ ಖಾಲಿ ಬಾಟಲಿ. ತಂದ ಎರಡು ಕೆಜಿಯಲ್ಲಿ ತಲೆ, ಚಿಪ್ಪಿಗೇ ಅರ್ಧ ಹೋಯಿತು. ಉಳಿದದ್ದು ಬಾಣಲೆಯಲ್ಲಿ ನೀರು ಬಿಟ್ಟು ಇನ್ನಷ್ಟು ಮುದುಡಿತು. ಅತ್ತ ಐದು ಕೆಜಿಯ ಜಾಡಿ ಖಾಲಿ ಕೂತಿತ್ತು. ದಿನಾ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅಕ್ಕಾರು "ನೀರು ಬಿಟ್ಟೈತೇನ್ರಿ? ಕೈಯಾಡಿಸಿದ್ರೇನ್ರಿ?" ಅಂತ ಬಾಣಂತಿಯನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ ಯಜಮಾನರನ್ನು ಮಾರುಕಟ್ಟೆಗೆ ಅಟ್ಟಿ, ಚೀಲ ತುಂಬ ಮಾವಿನಕಾಯಿ ತರಿಸಿ, ಅಕ್ಕಾರು ಹೇಳಿದ ಪ್ರಕಾರವೇ ಗೊರಟೆ ಸಿಪ್ಪೆ ತೆಗೆದು, ಕಲ್ಲುಪ್ಪು ಹಾಕಿ, ಜಾಡಿ ತುಂಬಿಸಿದೆ. ಒಂದು ಗೇಣು ಬಾಟಲಿಯ ಸಿಗಡಿಗಾಗಿ ಇಡೀ ಮನೆ ರಾತ್ರಿ ಹನ್ನೊಂದರವರೆಗೆ ಮಾವಿನಕಾಯಿ ಹೆಚ್ಚಿತು. ಸಿಗಡಿಯಂತೂ ಜಾಡಿಗೆ ಬಟ್ಟೆ ಕಟ್ಟುವಷ್ಟರಲ್ಲಿ ತಳ ಕಂಡಿತ್ತು. ಫ್ರಿಜ್‌ನಲ್ಲಿ ಎಷ್ಟು ದಿನ ಬಾಳುತ್ತದೆ ಅನ್ನುವ ಪ್ರಶ್ನೆಯೇ ಏಳಲಿಲ್ಲ.

ಜೂನ್ ಮೊದಲ ವಾರ ಅಕ್ಕಾರೇ ಮೇಲೆ ಬಂದರು. ಜಾಡಿಯ ಬಟ್ಟೆ ಬಿಚ್ಚಿ, ಒಂದು ಹೋಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಅಡ್ಡಿಯಿಲ್ಲ" ಅಂದರು. ಈ ಊರಲ್ಲಿ ಉಪ್ಪಿನಕಾಯಿಗೆ ಇದಕ್ಕಿಂತ ದೊಡ್ಡ ಬಿರುದು ಇಲ್ಲ. ನಾನು ಉಸಿರು ಬಿಟ್ಟೆ.

"ಆದ್ರ ಒಂದು ಮಾತು" ಅಂದರು. "ಅವತ್ತು ಬೆಳಿಗ್ಗೆ ರಂಗೋಲಿ ಹಾಕಾಕೆ ಬಾಗಿಲು ತೆಗೆದ್ರೆ, ಬೆಕ್ಕು ಹೊಸ್ತಿಲ ಮುಂದೆ ಏನೋ ತಂದಿಟ್ಟಿತ್ತು. ಮಾವಿನಕಾಯಿಗೆ ಮೀಸೆ ಇರಂಗಿಲ್ಲ, ಅಷ್ಟು ನನಗೂ ಗೊತ್ತೈತಿ."

ಯಜಮಾನರು ಪೇಪರಿನ ಹಿಂದೆ ಇಳಿದರು. ಅತ್ತೆಗೆ ಒಳಗೆ ಏನೋ ಕೆಲಸ ನೆನಪಾಯಿತು.

"ನಿಮ್ಮ ಊಟ ನಿಮ್ಮದು, ನಾನೇನಂತೀನ್ರಿ? ಜಾಡಿ ಉಳಿಸಿದ್ರಿ, ಅಷ್ಟು ಸಾಕು. ಇನ್ನೊಂದ್ಸಲ ಮಾಡೋದಿದ್ರೆ ಮೊದ್ಲೇ ಹೇಳಿಬಿಡ್ರಿ. ಅಮಾಸೆ ದಿನ ಇಟ್ಕೊಂಡ್ರೆ ಇನ್ನೂ ಒಳ್ಳೇದು, ನಾವು ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ದರ್ಶನ ಮಾಡ್ಕೊಂಡು ಸಂಜೆಗೆ ಬರ್ತೀವಿ. ನಮ್ಮನೆಯವ್ರನ್ನ ಹೊರಡ್ಸಾಕೆ ನನಗೂ ಒಂದು ನೆಪ ಬೇಕಾಗಿತ್ತು."

ಯಜಮಾನರು ಪೇಪರ್ ಕೆಳಗಿಟ್ಟು ಕ್ಯಾಲೆಂಡರ್ ತಿರುವಿದರು. "ಈಗ ಬೋಟು ನಿಂತಾವ ಅಕ್ಕಾರೇ. ಆಗಸ್ಟ್ ಅಮಾಸೆಗೆ ಹೋಗಿಬರ್ತೀರಾ?"

ಒಳಗಿನಿಂದ ಅತ್ತೆಯ ದನಿ ಬಂತು. "ಮುಂದೆ ಶ್ರಾವಣ ಐತಿ. ಅದು ಮುಗಿಯಾತನಕ ಈ ಮನಿಗೆ ಸಿಗಡಿ ಹೆಸರು ಎತ್ತಬ್ಯಾಡ್ರಿ."

"ಅದೂ ಖರೇನ" ಅಂತ ಅಕ್ಕಾರು ಇನ್ನೊಂದು ಹೋಳು ತೆಗೆದುಕೊಂಡರು.