ಕೆಡುವುದು ಬೆಸುಗೆಯ ಜಾಗದಲ್ಲಿ
ಮೂರು ಪದರದ ಲೇಪನವಿದ್ದರೆ ನೆಲದಡಿಯ ಉಕ್ಕಿನ ಪೈಪಿಗೆ ತುಕ್ಕಿನ ಚಿಂತೆಯೇ ಇಲ್ಲ ಎಂದು ಬರೆದಿದ್ದೀರಿ. ಕಾರ್ಖಾನೆಯಿಂದ ಹೊರಬೀಳುವಾಗ ಅದು ನಿಜ: ಒಳಗೆ ಎಪಾಕ್ಸಿ, ನಡುವೆ ಅಂಟು, ಮೇಲೆ ಪಾಲಿಎಥಿಲೀನ್. ಆದರೆ ಬೆಸುಗೆಗೆಂದು ಎರಡೂ ತುದಿಗಳನ್ನು ಬರಿದಾಗಿ ಬಿಟ್ಟಿರುತ್ತಾರಲ್ಲ, ಕೆಲಸ ಕೆಡುವುದು ಅಲ್ಲಿ.

ನಾನಿದ್ದ ಒಂದು ಕಾಮಗಾರಿಯಲ್ಲಿ, ಮಳೆಗೆ ಮೊದಲು ಮುಗಿಸುವ ಅವಸರಕ್ಕೆ ಬೆಸುಗೆಯ ಜಾಗವನ್ನು ಸರಿಯಾಗಿ ಉಜ್ಜದೆಯೇ ಸ್ಲೀವ್ (ಬಿಸಿಗೆ ಕುಗ್ಗಿ ಪೈಪಿಗೆ ಅಂಟಿಕೊಳ್ಳುವ ಪ್ಲಾಸ್ಟಿಕ್ ಹೊದಿಕೆ) ಸುತ್ತಿ ಬೆಂಕಿ ತೋರಿಸಿದ್ದರು. ಮುಂದೆ ಅಗೆದಾಗ ಅದರ ಅಂಚು ಒಣಗಿದ ಬಾಳೆಪಟ್ಟೆಯಂತೆ ಎದ್ದಿತ್ತು. ಅಡಿಯಲ್ಲಿ ಕೆಂಪು ನೀರು. ತುಕ್ಕು ತಡೆಯಲು ಪೈಪಿಗೆ ಸಣ್ಣ ವಿದ್ಯುತ್ತು ಹರಿಸುವ ಕ್ಯಾಥೋಡಿಕ್ ರಕ್ಷಣೆ ಇತ್ತು, ಮೀಟರಿನಲ್ಲಿ ರಕ್ಷಣೆಗೆ ಸಾಕೆನ್ನುವ ಮೈನಸ್ 0.85 ವೋಲ್ಟ್‌ಗಿಂತ ಚೆನ್ನಾಗಿಯೇ ಬರುತ್ತಿತ್ತು. ಎದ್ದ ಸ್ಲೀವಿನ ಮರೆಗೆ ಆ ವಿದ್ಯುತ್ತು ತಲುಪಬೇಕಲ್ಲ! ಸೂಜಿಮೊನೆಯಷ್ಟು ತೂತನ್ನೂ ಕಿಡಿ ಹಾರಿಸಿ ತೋರಿಸುವ ಹಾಲಿಡೇ ಡಿಟೆಕ್ಟರ್ ಕೂಡ ಇಂಥ ಸಡಿಲ ಅಂಟನ್ನು ಹಿಡಿಯುವುದಿಲ್ಲ.