ಬೀಗ ಹಾಕಿದ ಶಾಲೆಗೆ ನಾಮಕರಣ

2022ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ, ಇನ್ನೂ ಕಾಫಿ ಆಗಿರಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ.

“ಅಣ್ಣಾ, ವೋಟ್ ಹಾಕಿ ಬಂದೆ.”

“ನಿನಗೆ ಸಿಟಿಜನ್‌ಷಿಪ್ ಯಾವಾಗ ಬಂತೋ? ಹೇಳಲೇ ಇಲ್ಲ?”

“ಎಲ್ಲಿ ಬಂತು! ನಮ್ಮ ಕ್ಯೂನಲ್ಲಿ ಗ್ರೀನ್ ಕಾರ್ಡ್ ಬರೋದು ನನ್ನ ಮೊಮ್ಮಗನ ಕಾಲಕ್ಕೆ. ಇದು ಸ್ಕೂಲ್ ಬೋರ್ಡ್ ವೋಟು. ಮಗಳು ಇದಾಳಲ್ಲ, ಅದಕ್ಕೆ ನನಗೂ ಇದೆ.”

ಅವನು ಹೇಳಿದ್ದು ನಿಜ. ಆ ಊರಿನ ಜನ 2016ರಲ್ಲಿ ಮತ ಹಾಕಿ ಒಂದು ನಿಯಮ ಮಾಡಿಕೊಂಡರು. ಊರಲ್ಲಿ ವಾಸವಿದ್ದು, ಮನೆಯಲ್ಲಿ 19 ವರ್ಷದೊಳಗಿನ ಮಗುವಿದ್ದರೆ ಪೌರತ್ವ ಇಲ್ಲದ ಅಪ್ಪ ಅಮ್ಮನೂ ಶಾಲಾ ಮಂಡಳಿಯ ಚುನಾವಣೆಗೆ ಮತ ಹಾಕಬಹುದು. ಅಧ್ಯಕ್ಷರಿಗಿಲ್ಲ, ಮೇಯರ್‌ಗಿಲ್ಲ, ಮಂಡಳಿಗೆ ಮಾತ್ರ. ಅವರಿಗೆ ಬೇರೆಯದೇ ಮತಪತ್ರ. ಆಗ ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ಬರೆಸಬೇಕಿತ್ತು. ಜೊತೆಗೆ ಒಂದು ಎಚ್ಚರಿಕೆ: ನೀವು ಇಲ್ಲಿ ಕೊಡುವ ವಿವರ ವಲಸೆಗಾರರನ್ನು ಹಿಡಿಯುವ ಕೇಂದ್ರ ಸರ್ಕಾರದ ಇಲಾಖೆಯ ಕೈಗೂ ಸಿಗಬಹುದು. ಬನ್ನಿ, ಎಲೆ ಹಾಕಿದೆ, ಕೂತ್ಕೊಳ್ಳಿ, ಬಾಗಿಲಲ್ಲಿ ಪೊಲೀಸಪ್ಪ ನಿಮ್ಮ ಹೆಸರು ಬರ್ಕೊಳ್ತಾನೆ, ಸಂಕೋಚ ಮಾಡ್ಕೋಬೇಡಿ ಅಂದ ಹಾಗೆ.

ಆದರೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಬೆಂಗಳೂರಿನಲ್ಲೇ ಇದ್ದೇನೆ, ಇಲ್ಲೇ ತೆರಿಗೆ ಕಟ್ಟುತ್ತೇನೆ. ಬಿಬಿಎಂಪಿಗೆ ಮತ ಹಾಕಿದ್ದು 2015ರಲ್ಲಿ. ಆ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ಆಮೇಲೆ ಚುನಾವಣೆಯ ಸುದ್ದಿಯೇ ಇರಲಿಲ್ಲ. ವೀಸಾ ಮೇಲೆ ಹೋದ ತಮ್ಮ ಅಲ್ಲಿ ಜನಪ್ರತಿನಿಧಿಗಳ ಹಣೆಬರಹ ಬರೆಯುತ್ತಿದ್ದ. ಮನೆ ಮಗ ನಾನು ಗುಂಡಿ ಎಣಿಸುತ್ತಿದ್ದೆ.

“ಯಾರನ್ನು ಗೆಲ್ಲಿಸಿದೆ?” ಅಂದೆ.

“ಗೆಲ್ಲಿಸೋದಲ್ಲ ಅಣ್ಣಾ. ಇದು ಮನೆಗೆ ಕಳಿಸೋ ಚುನಾವಣೆ.”

ರೀಕಾಲ್. ಆರಿಸಿ ಬಂದವರನ್ನು ಅವಧಿಗೆ ಮೊದಲೇ ವಾಪಸ್ ಕರೆಸುವುದು. ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಏಳು ಜನರ ಮಂಡಳಿ ಅದು. ಆಗ ತಿಂಗಳಿಗೆ 500 ಡಾಲರ್ ಗೌರವಧನ. ಇಂಥ ಪುಡಿಗಾಸಿನ ಕುರ್ಚಿಯಿಂದ ಮೂವರನ್ನು ಎಬ್ಬಿಸಲು ಒಂದು ಊರು ಯಾಕೆ ತಲೆ ಕೆಡಿಸಿಕೊಂಡಿತು ಅಂತ ತಿಳಿಯಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

2021ರ ಜನವರಿ 26. ಕೋವಿಡ್ ಅಂತ ಹಿಂದಿನ ಮಾರ್ಚ್‌ನಲ್ಲಿ ಮುಚ್ಚಿದ ಸರ್ಕಾರಿ ಶಾಲೆಗಳು ಇನ್ನೂ ತೆರೆದಿಲ್ಲ. ಸುಮಾರು 50 ಸಾವಿರ ಮಕ್ಕಳು ಮನೆಯಲ್ಲಿ ಸ್ಕ್ರೀನ್ ಮುಂದೆ. ಹತ್ತು ತಿಂಗಳಿಂದ ಗೇಟಿಗೆ ಬೀಗ. ಆ ದಿನ ಮಂಡಳಿ ಸಭೆ ಸೇರಿ ಆರು–ಒಂದು ಮತದಲ್ಲಿ ಮಹತ್ವದ ನಿರ್ಧಾರ ತೆಗೆದುಕೊಂಡಿತು. ಬೀಗ ತೆಗೆಯುವುದಲ್ಲ. ಬೀಗದ ಮೇಲಿರುವ ಬೋರ್ಡ್ ಬದಲಾಯಿಸುವುದು. 44 ಶಾಲೆಗಳಿಗೆ ಮರುನಾಮಕರಣ!

ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ತೊಟ್ಟಿಲಲ್ಲಿ ಕೂಸಾದರೂ ಇರುತ್ತದೆ.

ಗುಲಾಮಗಿರಿ, ದಬ್ಬಾಳಿಕೆಯ ಜೊತೆ ನಂಟಿದ್ದವರ ಹೆಸರು ಶಾಲೆಗೆ ಬೇಡ ಅನ್ನುವುದು ಮಂಡಳಿಯ ವಾದ. ಪಟ್ಟಿಯಲ್ಲಿ ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಎಲ್ಲ ಇದ್ದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾಷಿಂಗ್ಟನ್ ಗುಲಾಮರನ್ನು ಇಟ್ಟುಕೊಂಡಿದ್ದ. ಲಿಂಕನ್ 1862ರಲ್ಲಿ ಡಕೋಟಾ ಬುಡಕಟ್ಟಿನ 38 ಜನರ ಗಲ್ಲಿಗೆ ಸಹಿ ಹಾಕಿದ. ಅದೇ ಪ್ರಕರಣದಲ್ಲಿ 200ಕ್ಕೂ ಜಾಸ್ತಿ ಜನರ ಗಲ್ಲು ತಪ್ಪಿಸಿದ. ಇವನ ಹೆಸರು ಶಾಲೆಗೆ ಇರಬೇಕೋ ಬೇಡವೋ? ಒಳ್ಳೆ ಪ್ರಶ್ನೆ. ಮಕ್ಕಳು ತರಗತಿಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆ. ಅದಕ್ಕೆ ತರಗತಿ ತೆರೆದಿರಬೇಕು, ಅಷ್ಟೇ.

ಈ ಪಟ್ಟಿ ಮಾಡಲು ಒಂದು ಸಮಿತಿ ಇತ್ತು. ಇತಿಹಾಸಕಾರರನ್ನು ಕರೆಸುವ ಅಗತ್ಯ ಅದಕ್ಕೆ ಕಾಣಲಿಲ್ಲ. ಇಂಟರ್‌ನೆಟ್ ಇತ್ತಲ್ಲ, ಸಾಕು. ಪಾಲ್ ರಿವಿಯರ್ ಅಂತ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಒಬ್ಬ. 1779ರಲ್ಲಿ ಪೆನಾಬ್‌ಸ್ಕಾಟ್ ಎಂಬಲ್ಲಿ ಬ್ರಿಟಿಷರ ಕೋಟೆ ಹಿಡಿಯಲು ಹೋದ ದಂಡಿನಲ್ಲಿ ಅವನಿದ್ದ. ದಂಡು ಸೋತು ಬಂತು. ಪೆನಾಬ್‌ಸ್ಕಾಟ್ ಅನ್ನುವ ಬುಡಕಟ್ಟೂ ಒಂದಿದೆ. ಸಮಿತಿ ಎರಡನ್ನೂ ಸೇರಿಸಿ, ಇವನು ಆ ಬುಡಕಟ್ಟಿನ ಭೂಮಿ ಕಿತ್ತುಕೊಳ್ಳಲು ಹೋಗಿದ್ದ ಅಂತ ತೀರ್ಮಾನಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕಟ್ಟಿ, ಗಿಣ್ಣನ್ನೂ ಹಂಚಿದರು.

ಜೇಮ್ಸ್ ಲಿಕ್ ಅಂತ ಇನ್ನೊಬ್ಬ ದಾನಿ. ಬುಡಕಟ್ಟು ಜನರನ್ನು ಕೀಳಾಗಿ ತೋರಿಸುವ ಪ್ರತಿಮೆಗೆ ದುಡ್ಡು ಕೊಟ್ಟ ಅನ್ನುವುದು ಅವನ ಮೇಲಿನ ಆರೋಪ. ಅವನು ಸತ್ತದ್ದು 1876ರಲ್ಲಿ. ಪ್ರತಿಮೆ ನಿಂತದ್ದು 1894ರಲ್ಲಿ, ಅವನು ಬಿಟ್ಟುಹೋದ ಆಸ್ತಿಯ ದುಡ್ಡಿನಿಂದ. ಸತ್ತು 18 ವರ್ಷ ಆದ ಮೇಲೂ ತಪ್ಪು ಮಾಡುವ ಗಟ್ಟಿ ಆಸಾಮಿ. ‘ಎಲ್ ಡೊರಾಡೊ’ ಅಂತಲೂ ಒಂದು ಶಾಲೆ ಪಟ್ಟಿಯಲ್ಲಿತ್ತು. ಅದು ಮನುಷ್ಯನೇ ಅಲ್ಲ, ಕಟ್ಟುಕತೆಯ ಚಿನ್ನದ ಊರು. ಎಲ್ಲೂ ಇಲ್ಲದ ಊರು ಕೂಡ ಕಟಕಟೆ ಹತ್ತಿತು. ಆಗಿನ್ನೂ ಸೆನೆಟರ್ ಆಗಿದ್ದ ಡಯಾನ್ ಫೈನ್‌ಸ್ಟೈನ್ ಅವರನ್ನೂ ಬಿಡಲಿಲ್ಲ. 1984ರಲ್ಲಿ ಅವರು ಮೇಯರ್ ಆಗಿದ್ದಾಗ ಸಿಟಿ ಹಾಲ್ ಮುಂದಿನ ಹಳೇ ಬಾವುಟಗಳ ಸಾಲಿನಲ್ಲಿ ಯಾರೋ ಕಿತ್ತುಹಾಕಿದ ಒಂದು ಬಾವುಟದ ಜಾಗಕ್ಕೆ ಹೊಸದು ಹಾಕಿಸಿದ್ದರಂತೆ, ಅದು ಗುಲಾಮಗಿರಿ ಬೇಕೆಂದ ಅಮೆರಿಕದ ದಕ್ಷಿಣ ರಾಜ್ಯಗಳ ಬಾವುಟವಂತೆ.

ಈ ಮಂಡಳಿಗೆ ವಾಷಿಂಗ್ಟನ್ ಮೇಲೆ ಸಿಟ್ಟು ಬಂದದ್ದು ಇದೇ ಮೊದಲಲ್ಲ. ಅವನ ಹೆಸರಿನ ಹೈಸ್ಕೂಲಿನಲ್ಲಿ 1936ರಲ್ಲಿ ಬರೆದ ದೊಡ್ಡ ಭಿತ್ತಿಚಿತ್ರಗಳಿವೆ. ಬರೆದವನು ವಿಕ್ಟರ್ ಆರ್ನಾಟಾಫ್, ರಷ್ಯಾದಿಂದ ಬಂದ ಕಮ್ಯುನಿಸ್ಟ್. ವಾಷಿಂಗ್ಟನ್‌ನನ್ನು ಹೊಗಳುವ ಚಿತ್ರ ಬರೆಯಿರಿ ಅಂದರೆ, ಅವನ ತೋಟದ ಗುಲಾಮರನ್ನೂ ಸತ್ತು ಬಿದ್ದ ಮೂಲನಿವಾಸಿಯನ್ನೂ ಗೋಡೆ ತುಂಬ ಬರೆದು ಹೋದ. ಅಂದರೆ ಮಂಡಳಿ ಹೇಳಬೇಕೆಂದಿದ್ದ ಮಾತನ್ನೇ ಅವನು 80 ವರ್ಷ ಮೊದಲೇ ಹೇಳಿದ್ದ. ಅದಕ್ಕೆ ಬಹುಮಾನವಾಗಿ, ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಅಂತ 2019ರಲ್ಲಿ ಗೋಡೆಗೆ ಬಣ್ಣ ಬಳಿಯಲು ಮಂಡಳಿ ನಿರ್ಧರಿಸಿತು. ಅಂದಾಜು ವೆಚ್ಚ 6 ಲಕ್ಷ ಡಾಲರ್. ಬಣ್ಣಕ್ಕಲ್ಲ, ಬಳಿಯಬಹುದೇ ಅಂತ ಪರಿಶೀಲಿಸುವುದಕ್ಕೇ ಹೆಚ್ಚು ಪಾಲು! ಗಲಾಟೆಯಾದ ಮೇಲೆ ಬಣ್ಣ ಬೇಡ, ಹಲಗೆ ಮುಚ್ಚೋಣ ಅಂದರು. ಆಮೇಲೆ ಕೋರ್ಟು ಅದಕ್ಕೂ ತಡೆ ಹಾಕಿತು.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಈ ಶಾಲೆಗಳ ಕಲಾ ವಿಭಾಗಕ್ಕೆ ‘ವಾಪಾ’ ಅಂತ ಚುಟುಕು ಹೆಸರಿತ್ತು, ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿದ್ದು. ಹೀಗೆ ಮೊದಲ ಅಕ್ಷರ ಜೋಡಿಸುವುದು ಬಿಳಿಯರ ಮೇಲರಿಮೆಯ ಲಕ್ಷಣ ಅಂತ ವಿಭಾಗದವರಿಗೆ ಹೊಳೆಯಿತು. ಕೂಡಲೇ ಹೆಸರು ಬದಲಾಯಿಸಿದರು. ಹೊಸ ಹೆಸರು: ‘ಎಸ್‌ಎಫ್‌ಯುಎಸ್‌ಡಿ ಆರ್ಟ್ಸ್ ಡಿಪಾರ್ಟ್‌ಮೆಂಟ್’. ಎಸ್‌ಎಫ್‌ಯುಎಸ್‌ಡಿ ಅಂದರೆ ಮಂಡಳಿಯ ಕೈಕೆಳಗಿನ ಶಾಲೆಗಳೆಲ್ಲ ಸೇರಿದ ‘ಶಾಲಾ ಜಿಲ್ಲೆ’ಯ ಚುಟುಕು ಹೆಸರು. ನಾಲ್ಕಕ್ಷರ ತೆಗೆದು ಐದಕ್ಷರ ಹಾಕಿದರು. ಇವರು ಕರ್ನಾಟಕಕ್ಕೆ ಬಂದರೆ ಕಷ್ಟ. ಬಿಡಿಎ, ಬೆಸ್ಕಾಂ, ಕೆಎಸ್‌ಆರ್‌ಟಿಸಿ ಇಲ್ಲದೆ ನಮಗೆ ಬೆಳಗಾಗುವುದಿಲ್ಲ. ಹೆಸರಿನ ಹಿಂದೆ ಎರಡು ಇನಿಷಿಯಲ್ ಇಲ್ಲದ ಮೇಷ್ಟ್ರನ್ನು ನಾನಂತೂ ನೋಡಿಲ್ಲ.

ಇದೇ ಕಾಲದಲ್ಲಿ ಊರಿನ ಆಡಳಿತ ತನ್ನದೇ ಊರಿನ ಶಾಲಾ ಮಂಡಳಿಯ ಮೇಲೆ ಕೇಸು ಹಾಕಿತು, ‘ಶಾಲೆ ತೆಗೆಯಿರಿ’ ಅಂತ. ಅತ್ತ ಮಂಡಳಿಯ ಸಭೆಯಲ್ಲಿ ಪೋಷಕರ ಸಲಹಾ ಸಮಿತಿಗೆ ಒಬ್ಬ ಅಪ್ಪನನ್ನು ಸೇರಿಸಿಕೊಳ್ಳಬೇಕೇ ಅಂತ ಚರ್ಚೆ. ಸಂಬಳವಿಲ್ಲದ ಕೆಲಸ, ಸೀಟು ಖಾಲಿ ಇದೆ, ಅವನು ಸಲಿಂಗಿ ಕೂಡ. ಆದರೆ ಬಿಳಿಯ. ಸಮಿತಿಯ ವೈವಿಧ್ಯ ಕೆಡುತ್ತದಂತೆ. ಸುಮಾರು ಎರಡು ಗಂಟೆ ಮಾತಾಡಿ ಬೇಡ ಅಂದರು. ಶಾಲೆ ತೆರೆಯುವ ವಿಷಯ ಅಜೆಂಡಾದ ಕೆಳಗಡೆ ಆಕಳಿಸುತ್ತಾ ಕೂತಿತ್ತು.

ಆಮೇಲೆ ಲೋವೆಲ್ ಹೈಸ್ಕೂಲ್. ಅಂಕ ನೋಡಿ ಸೀಟು ಕೊಡುತ್ತಿದ್ದ ಶಾಲೆಯಲ್ಲಿ ಇನ್ನು ಮೇಲೆ ಚೀಟಿ ಎತ್ತುತ್ತೇವೆ ಅಂದರು. ನಮ್ಮಲ್ಲಿ ಸಿಇಟಿ ರ್‍ಯಾಂಕ್ ಪಟ್ಟಿ ಹರಿದು ಚೀಟಿ ಎತ್ತಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಚೀನೀ ಮೂಲದ ಅಪ್ಪ ಅಮ್ಮಂದಿರು ಬೀದಿಗೆ ಬಂದರು. ಅದೇ ಹೊತ್ತಿಗೆ ಉಪಾಧ್ಯಕ್ಷೆ ಅಲಿಸನ್ ಕಾಲಿನ್ಸ್ 2016ರಲ್ಲಿ ಏಷ್ಯನ್ನರನ್ನು ಹಳಿದು ಮಾಡಿದ್ದ ಟ್ವೀಟುಗಳು ಹೊರಬಂದವು. ಸಹ ಸದಸ್ಯರು ಅವರ ಉಪಾಧ್ಯಕ್ಷ ಪಟ್ಟ ಕಿತ್ತುಕೊಂಡರು. ಕಾಲಿನ್ಸ್ ಮಂಡಳಿಯ ಐವರ ಮೇಲೂ ಶಾಲಾ ಜಿಲ್ಲೆಯ ಮೇಲೂ 8.7 ಕೋಟಿ ಡಾಲರ್ ಪರಿಹಾರ ಕೇಳಿ ಕೇಸು ಜಡಿದರು. ನಾನು ಕ್ಯಾಲ್ಕುಲೇಟರ್ ತೆಗೆದೆ. ತಿಂಗಳಿಗೆ 500ರಂತೆ ಅಷ್ಟು ಸಂಪಾದಿಸಲು 14,500 ವರ್ಷ ಬೇಕು. ಜಿಲ್ಲೆಯ ಬಜೆಟ್ಟಿನಲ್ಲಿ ಅದೇ ವರ್ಷ 12.5 ಕೋಟಿ ಡಾಲರ್ ತೂತು ಕಾಣಿಸಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಕೇಸು ಆಗಸ್ಟ್‌ನಲ್ಲಿ ಬಿದ್ದುಹೋಯಿತು.

44 ಹೆಸರುಗಳ ಕತೆ? ಅದರ ಮೇಲೂ ಕೇಸಾಯಿತು. 2021ರ ಏಪ್ರಿಲ್ 6ರಂದು ಅದೇ ಮಂಡಳಿ ಒಮ್ಮತದಿಂದ ಅದನ್ನು ವಾಪಸ್ ಪಡೆಯಿತು. ಲಿಂಕನ್ ಬದುಕಿಕೊಂಡ. ಒಂದು ವಾರದೊಳಗೆ ಪುಟ್ಟ ಮಕ್ಕಳ ಶಾಲೆಗಳು ತೆರೆಯತೊಡಗಿದವು. ಹೈಸ್ಕೂಲಿನ ಹೆಚ್ಚಿನ ಮಕ್ಕಳು ಆಗಸ್ಟ್‌ವರೆಗೂ ಕಾದರು.

ಅಷ್ಟರಲ್ಲಿ ಭಾರತ ಮೂಲದ ಒಬ್ಬ ಅಪ್ಪ ಮತ್ತು ಅವನ ಜೊತೆಗಾತಿ ಸಹಿ ಸಂಗ್ರಹ ಶುರು ಮಾಡಿದ್ದರು. 51 ಸಾವಿರ ಚಿಲ್ಲರೆ ಸಹಿ ಬೇಕಿತ್ತು, ಅದಕ್ಕಿಂತ ಎಷ್ಟೋ ಜಾಸ್ತಿ ಬಂತು. ದುಡ್ಡೂ ಬಂತು. ಆರ್ಥರ್ ರಾಕ್ ಎಂಬ ಹೂಡಿಕೆದಾರರು ಒಬ್ಬರೇ ಸುಮಾರು 4 ಲಕ್ಷ ಡಾಲರ್ ಸುರಿದರು. ಮಕ್ಕಳ ಮೇಲೆ ಕೋಟ್ಯಧಿಪತಿಗಳಿಗೆ ಉಕ್ಕುವ ಪ್ರೀತಿ ನೋಡಿದರೆ ನನಗೆ ಸ್ವಲ್ಪ ಭಯ, ಆದರೆ ಅದು ಬೇರೆ ಅಂಕಣದ ವಿಷಯ. ಏಳರಲ್ಲಿ ಮೂವರ ಹೆಸರೇ ಯಾಕೆ ಅಂದರೆ, ಉಳಿದ ನಾಲ್ವರು 2020ರ ನವೆಂಬರ್‌ನಲ್ಲಷ್ಟೇ ಗೆದ್ದವರು. ಹೊಸದಾಗಿ ಗೆದ್ದವರನ್ನು ಅಷ್ಟು ಬೇಗ ಮುಟ್ಟುವ ಹಾಗಿಲ್ಲ. 44 ಹೆಸರಿಗೆ ಕೈ ಎತ್ತಿದ ಆರರಲ್ಲಿ ಅರ್ಧ ಜನ ಹೀಗೆ ಕ್ಯಾಲೆಂಡರ್ ಕೃಪೆಯಿಂದ ಉಳಿದುಕೊಂಡರು.

2022ರ ಫೆಬ್ರವರಿ 15ರಂದು ಕಾಲಿನ್ಸ್, ಅಧ್ಯಕ್ಷೆ ಗೇಬ್ರಿಯೆಲಾ ಲೋಪೆಜ್ ಮತ್ತು ಫಾಉಉಗಾ ಮೊಲಿಗಾ ಮೂವರೂ ಮನೆಗೆ ಹೋದರು. ಕಾಲಿನ್ಸ್ ಅವರನ್ನು ಕಳಿಸಿ ಅಂದವರು ನೂರಕ್ಕೆ 76. ಆ ಊರು ಇಂಥ ರೀಕಾಲ್ ಮತದಾನ ಕೊನೆಗೆ ನೋಡಿದ್ದು 1983ರಲ್ಲಿ. ಆಗ ಕಳಿಸಲು ನೋಡಿದ್ದು ಮೇಯರ್ ಫೈನ್‌ಸ್ಟೈನ್ ಅವರನ್ನು. ಅವರು ಆಗಲೂ ಉಳಿದುಕೊಂಡರು, ಬೋರ್ಡಿನ ಮೇಲೂ ಉಳಿದುಕೊಂಡರು.

ಮೇಯರ್ ಲಂಡನ್ ಬ್ರೀಡ್ ಮೂವರು ಹೊಸಬರನ್ನು ತಂದು ಕೂರಿಸಿದರು. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆ. ತಿಂಗಳ ನಂತರ ತಮ್ಮನಿಗೆ ಫೋನ್ ಮಾಡಿದರೆ ಅವನು ಇನ್ನೊಂದು ಕತೆ ಹೇಳಿದ. ಆ ಜನವರಿಯಲ್ಲಿ ಸಂಬಳ ಬಟವಾಡೆಗೆ ಹೊಸ ಸಾಫ್ಟ್‌ವೇರ್ ತಂದಿದ್ದರು. ಕೆಲವು ಶಿಕ್ಷಕರಿಗೆ ಸಂಬಳ ಕಮ್ಮಿ, ಕೆಲವರಿಗೆ ಸಂಬಳವೇ ಇಲ್ಲ. ಮೇಷ್ಟ್ರುಗಳು ಜಿಲ್ಲಾ ಕಚೇರಿಯಲ್ಲೇ ರಾತ್ರಿ ಚಾಪೆ ಹಾಸಿದರು.

“ಸಾಫ್ಟ್‌ವೇರ್ ಹೆಸರೇನೋ?”

“ಎಂಪವರ್ ಎಸ್‌ಎಫ್.”

“ಎಂಪವರ್ ಅಂದ್ರೆ ಶಕ್ತಿ ತುಂಬೋದು ಅಲ್ವಾ?”

“ಹೌದು ಅಣ್ಣಾ.”

“ಕೊನೇಲಿ ಎಸ್ಸು, ಎಫ್ಫು ಎರಡಕ್ಷರ ಇದೆಯಲ್ಲೋ. ಅದಕ್ಕೆ ಯಾರೂ ತಕರಾರು ಮಾಡಲಿಲ್ವಾ?”

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. “ಮಗಳನ್ನ ಸ್ಕೂಲಿಗೆ ಬಿಡಬೇಕು, ಲೇಟಾಯ್ತು” ಅಂತ ಫೋನ್ ಇಟ್ಟ.